ತರಗತಿಯ ಯಂತ್ರಸಾಧನಗಳೂ ಅಧ್ಯಾಪಕರಿಗೆ ಸಲ್ಲಬೇಕಾದ ನೆರವೂ

೧

ಕಳೆದ ಕೆಲವು ವರ್ಷಗಳಿಂದ ನಮ್ಮ ಕಾಲೇಜುಗಳ ತರಗತಿಗಳಿಗೆ ಹೊಸ ಹೊಸ ಯಂತ್ರಸಾಧನಗಳು ಬಂದು ಸೇರುತ್ತಿವೆ. ಗೋಡೆಯ ಮೇಲೆ ಬಿಂಬವನ್ನು ಬೀಳಿಸುವ ಪ್ರೊಜೆಕ್ಟರು, ಬೆರಳಿನಿಂದ ಬರೆಯಬಹುದಾದ ಹಲಗೆ, ಅಂತರ್ಜಾಲದ ಸಂಪರ್ಕ, ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲು, ಟ್ಯಾಬ್ಲೆಟ್ಟು, ಇವುಗಳಲ್ಲಿ ಯಾವುದೂ ಈಗ ಅಪರೂಪದ ವಸ್ತುವಲ್ಲ. ಇವು ಬಂದುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಅದನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವ ಉದ್ದೇಶವಿಲ್ಲ. ಇವುಗಳನ್ನು ಬಳಸಿ ಪಾಠ ಹೇಳಬೇಕಾದ ಅಧ್ಯಾಪಕರಿಗೆ ಈವರೆಗೆ ಯಾವ ಬಗೆಯ ನೆರವು ದೊರೆತಿದೆ, ಆ ನೆರವು ಯಾವ ತಿಳಿವಳಿಕೆಯಿಂದ ಹುಟ್ಟಿತು, ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬುದನ್ನು ವಿಚಾರಿಸುವುದಷ್ಟೇ ಈ ಲೇಖನದ ಉದ್ದೇಶ.

ಇಂಥ ವಿಷಯವನ್ನು ಸಾಮಾನ್ಯ ಮಾತುಗಳಲ್ಲಿ ಚರ್ಚಿಸುವುದಕ್ಕಿಂತ ಒಂದು ನೆಲದ ಮೇಲೆ ನಿಂತು ಚರ್ಚಿಸುವುದು ಲೇಸು. ಆ ನೆಲ ನಮಗೆ ಬಳ್ಳಾರಿ. ವೀರಶೈವ ಕಾಲೇಜು ೧೯೪೫ರಲ್ಲಿ ಇಲ್ಲಿ ಪ್ರಾರಂಭವಾದಾಗ ಈ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ೧೯೫೩ರ ಅಕ್ಟೋಬರಿನಲ್ಲಿ ಅದು ಮೈಸೂರಿಗೆ ಸೇರಿತು. ೧೯೮೦ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯವೂ ೨೦೧೦ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಈ ಎರಡನೆಯದರ ಜ್ಞಾನಸಾಗರ ಆವರಣ ಇರುವುದು ನಗರದ ದಂಡುಪ್ರದೇಶದ ಕಡೆ, ಕೌಲ್ ಬಜಾರಿನ ನೆರೆಯಲ್ಲಿ. ಕೌಲ್ ಬಜಾರಿನ ಮನೆಗಳಲ್ಲಿ ಉರ್ದು, ತೆಲುಗು, ಕನ್ನಡ ಮೂರೂ ಕೇಳಿಬರುತ್ತವೆ; ಜೀನ್ಸ್ ಉಡುಪನ್ನು ಹೊಲಿಯುವ ಕೆಲಸವೇ ಅಲ್ಲಿಯ ಅನೇಕ ಕುಟುಂಬಗಳ ಜೀವನೋಪಾಯ. ನಗರದ ಕಾಲೇಜುಗಳಲ್ಲಿ ಆ ಮನೆಗಳ ಮಕ್ಕಳ ಪಕ್ಕದಲ್ಲಿ ಸಿರುಗುಪ್ಪದ ಭತ್ತದ ಬಯಲಿನಿಂದಲೂ ಕುರುಗೋಡಿನಿಂದಲೂ ಬೆಳಗಿನ ಬಸ್ಸು ಹಿಡಿದು ಬಂದ ವಿದ್ಯಾರ್ಥಿಗಳು ಕುಳಿತಿರುತ್ತಾರೆ. ಈ ತರಗತಿಯ ಮುಂದೆ ನಿಲ್ಲುವ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಓದಬೇಕಾಗಿ ವಿನಂತಿ.

೨

ಬೋಧನೆಗೆ ಯಂತ್ರದ ಸಹಾಯವನ್ನು ತರುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಅದಕ್ಕಾಗಿ ಆಯ್ದುಕೊಂಡದ್ದು ನಮ್ಮ ನೆರೆಯ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳನ್ನು. ೧೯೮೪ರ ಆಗಸ್ಟ್ ೧೫ರಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ದೂರದರ್ಶನದ ಮೂಲಕ ದೇಶವ್ಯಾಪಿ ತರಗತಿಯನ್ನು ಪ್ರಾರಂಭಿಸಿತು. ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಆಕಾಶಕ್ಕೇರಿತು. ಆ ಯೋಜನೆಯ ಪ್ರಾಯೋಗಿಕ ಘಟ್ಟದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಪಾಲುಗೊಂಡಿತ್ತು. ೨೦೧೭ರ ಜುಲೈನಲ್ಲಿ ಸ್ವಯಂ ಎಂಬ ಅಂತರ್ಜಾಲ ಪಾಠಗಳ ವ್ಯವಸ್ಥೆ ಬಂದಿತು. ಪದವಿಗೆ ಬೇಕಾದ ಅಂಕಮಾನದಲ್ಲಿ ನೂರಕ್ಕೆ ಇಪ್ಪತ್ತು ಭಾಗವನ್ನು ಅದರ ಮೂಲಕ ಗಳಿಸಬಹುದೆಂದು ೨೦೧೬ರ ನಿಯಮ ಹೇಳಿದ್ದರೆ, ೨೦೨೧ರ ನಿಯಮ ಆ ಮಿತಿಯನ್ನು ನಲವತ್ತಕ್ಕೆ ಏರಿಸಿತು. ಅದೇ ೨೦೨೧ರಲ್ಲಿ ರಾಜ್ಯದ ಕಾಲೇಜು ಶಿಕ್ಷಣ ಇಲಾಖೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ತಂದಿತು. ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳ ವಿತರಣೆಯೂ ನಡೆಯಿತು.

ಈ ಸಾಲನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೂರದರ್ಶನವಾಗಲಿ ಉಪಗ್ರಹವಾಗಲಿ ಅಂತರ್ಜಾಲದ ಪಾಠವಾಗಲಿ, ಯೋಜನೆಯ ಕಣ್ಣು ನೇರವಾಗಿ ವಿದ್ಯಾರ್ಥಿಯ ಮೇಲಿದೆ. ದೂರದಲ್ಲಿರುವ ಒಬ್ಬ ತಜ್ಞನ ಮಾತನ್ನು ಸಾವಿರಾರು ವಿದ್ಯಾರ್ಥಿಗಳಿಗೆ ಮುಟ್ಟಿಸುವುದೇ ಅದರ ಗುರಿ. ನಡುವೆ ನಿಂತಿರುವ ಸ್ಥಳೀಯ ಅಧ್ಯಾಪಕರ ಪಾಲಿಗೆ ಉಳಿದದ್ದು ಪೆಟ್ಟಿಗೆಯ ಗುಂಡಿಯನ್ನು ಒತ್ತುವ ಕೆಲಸ. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ ೧೯೨೦ರಿಂದ ಈಚೆಗೆ ಆ ದೇಶದ ಶಾಲೆಗಳಿಗೆ ಬಂದ ಚಲನಚಿತ್ರ, ರೇಡಿಯೋ, ದೂರದರ್ಶನಗಳ ಕಥೆಯನ್ನು ೧೯೮೬ರ ತನ್ನ ಗ್ರಂಥದಲ್ಲಿ ಪರಿಶೀಲಿಸಿದಾಗ ಕಂಡುಕೊಂಡದ್ದೂ ಇದಕ್ಕೆ ಹತ್ತಿರವಾದುದೇ. ಸಾಧನವನ್ನು ಆರಿಸಿದವರು ಬೇರೆ, ಅದನ್ನು ಬಳಸಬೇಕಾದವರು ಬೇರೆ. ಆದಕಾರಣ ಮೊದಲ ಉತ್ಸಾಹ ಇಳಿದ ಮೇಲೆ ಅದರ ಬಳಕೆ ಅಲ್ಪವಾಗಿಯೇ ಉಳಿಯಿತು. ಈ ಕಥೆ ನಮ್ಮಲ್ಲಿ ಪುನರಾವೃತ್ತವಾದುದು ಆಶ್ಚರ್ಯವಲ್ಲ. ಅದರಿಂದ ನಾವು ಪಾಠ ಕಲಿಯದಿರುವುದು ಆಶ್ಚರ್ಯ.

೩

ಅಧ್ಯಾಪಕರಿಗೆ ತರಬೇತಿಯೇ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ೧೯೮೭ರಿಂದ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರ ತರಬೇತಿಗೆಂದು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಸ್ಥಾಪಿತವಾದವು. ಅವು ೨೦೧೫ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ ೨೦೨೩ರಲ್ಲಿ ಮಾಳವೀಯರ ಹೆಸರಿನ ತರಬೇತಿ ಕೇಂದ್ರಗಳೆಂದೂ ಹೆಸರು ಬದಲಿಸಿಕೊಂಡಿವೆ. ಅಲ್ಲಿಯ ಅಭಿವಿನ್ಯಾಸ ಶಿಬಿರಗಳಿಂದ, ಪುನಶ್ಚೇತನ ಶಿಬಿರಗಳಿಂದ ನಮ್ಮಲ್ಲಿ ಅನೇಕರಿಗೆ ಲಾಭವಾಗಿದೆ; ಬೇರೆ ಊರಿನ ಸಹೋದ್ಯೋಗಿಗಳ ಪರಿಚಯವೊಂದೇ ಸಣ್ಣ ಲಾಭವಲ್ಲ. ಆದರೂ ಯಂತ್ರಸಾಧನದ ಮಟ್ಟಿಗೆ ಈ ತರಬೇತಿಯಲ್ಲಿ ಮೂರು ಕೊರತೆಗಳು ಕಂಡುಬರುತ್ತವೆ.

ಮೊದಲನೆಯದು, ಕ್ರಮ ತಲೆಕೆಳಗಾಗಿರುವುದು. ಶಿಬಿರದಲ್ಲಿ ಮೊದಲು ಯಂತ್ರವನ್ನೋ ತಂತ್ರಾಂಶವನ್ನೋ ಪರಿಚಯ ಮಾಡಿಸುತ್ತಾರೆ. ಅದರ ಗುಂಡಿಗಳನ್ನೂ ಪಟ್ಟಿಗಳನ್ನೂ ವಿವರಿಸುತ್ತಾರೆ. ಕೊನೆಗೆ, ಇದನ್ನು ನಿಮ್ಮ ನಿಮ್ಮ ವಿಷಯಗಳಿಗೆ ಅನ್ವಯಿಸಿಕೊಳ್ಳಿರಿ ಎಂದು ಹೇಳಿ ಮುಗಿಸುತ್ತಾರೆ. ಕಷ್ಟ ಇರುವುದೇ ಆ ಕೊನೆಯ ಮಾತಿನಲ್ಲಿ. ವಿಷಯದ ಜ್ಞಾನ ಬೇರೆ, ಅದನ್ನು ಕಲಿಸುವ ಬಗೆಯ ಜ್ಞಾನ ಬೇರೆ, ಇವೆರಡೂ ಕೂಡಿದಾಗ ಹುಟ್ಟುವ ಮೂರನೆಯ ಜ್ಞಾನವೇ ಅಧ್ಯಾಪಕರ ನಿಜವಾದ ಬಂಡವಾಳ ಎಂಬುದನ್ನು ೧೯೮೬ರಲ್ಲಿ ಲೀ ಶುಲ್ಮನ್ ವಿವರಿಸಿದನು. ೨೦೦೬ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಇದಕ್ಕೆ ಯಂತ್ರಸಾಧನದ ತಿಳಿವಳಿಕೆಯನ್ನು ಸೇರಿಸಿ, ಈ ಮೂರೂ ಬೆಸೆದುಕೊಂಡಿರಬೇಕೆಂದು ತೋರಿಸಿದರು. ಸಾಧನವನ್ನು ಮಾತ್ರ ಬಿಡಿಸಿ ತೆಗೆದು ಕಲಿಸಿದರೆ ಬೆಸುಗೆಯ ಭಾರವೆಲ್ಲ ಅಧ್ಯಾಪಕರ ಮೇಲೆಯೇ ಬೀಳುತ್ತದೆ. ಆ ಹೊತ್ತಿಗೆ ಶಿಬಿರ ಮುಗಿದು ಅವರು ಊರಿಗೆ ಮರಳಿರುತ್ತಾರೆ.

ಎರಡನೆಯದು, ನೆರವು ಎಲ್ಲರಿಗೂ ಸಲ್ಲದಿರುವುದು. ಶಿಬಿರಗಳ ಹಾಜರಿ ಬಡ್ತಿಯೊಡನೆ ಹೆಣೆದುಕೊಂಡಿದೆ. ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕರ ಪಾಡೇನು? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಎಷ್ಟೋ ವಿಭಾಗಗಳಲ್ಲಿ ತರಗತಿಯ ಭಾರವನ್ನು ಹೊತ್ತವರು ಅವರೇ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂಬುದು ತಿಳಿಯದ ಉಪನ್ಯಾಸಕನು ಯಾವ ಭರವಸೆಯಿಂದ ಹೊಸ ಪಾಠಸಾಮಗ್ರಿಯನ್ನು ಸಿದ್ಧಪಡಿಸಿಯಾನು? ಯಂತ್ರಸಾಧನದ ಪ್ರಶ್ನೆಯೆಂದು ನಾವು ಕರೆಯುವ ಎಷ್ಟೋ ಪ್ರಶ್ನೆಗಳು ಒಳಗೆ ಹೊಕ್ಕು ನೋಡಿದರೆ ಉದ್ಯೋಗದ ಪ್ರಶ್ನೆಗಳೇ ಆಗಿವೆ.

ಮೂರನೆಯದು ಭಾಷೆಯದು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅಂತರ್ಜಾಲದ ಸಿದ್ಧಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಬೋಧಿಸುವವರು ತಮ್ಮ ಸಾಮಗ್ರಿಯನ್ನು ತಾವೇ ಬರೆದುಕೊಳ್ಳಬೇಕು. ಬರೆದಿಲ್ಲವೆಂದಲ್ಲ, ಹಲವರು ಇಪ್ಪತ್ತು ವರ್ಷಗಳಿಂದ ಬರೆದಿದ್ದಾರೆ. ಆದರೆ ಬಹುಪಾಲು ಟಿಪ್ಪಣಿಗಳು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಲಿಪಿಗಳಲ್ಲಿ ಇವೆ. ಆ ಲಿಪಿಗಳಲ್ಲಿ ಕನ್ನಡ ಅಕ್ಷರದ ತುಂಡುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿರುತ್ತವೆ. ಅದೇ ಲಿಪಿ ಇರುವ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಇಲ್ಲದ ಕಡೆ ಪುಟವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಿಂದ ತುಂಬಿಹೋಗುತ್ತದೆ. ಒಂದು ಕಾಲೇಜಿನಲ್ಲಿ ಈ ಲೇಖಕನೇ ಕಂಡ ಸಂಗತಿ ಇದು. ಹಿರಿಯ ಅಧ್ಯಾಪಕರೊಬ್ಬರು ಮನೆಯಲ್ಲಿ ಬಹು ಶ್ರಮದಿಂದ ಸಿದ್ಧಪಡಿಸಿದ್ದ ಪಾಠ ತರಗತಿಯ ಗೋಡೆಯ ಮೇಲೆ ಹೀಗೆ ಕಾಣಿಸಿಕೊಂಡಿತು. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಅವರು ಪ್ರೊಜೆಕ್ಟರನ್ನು ಆರಿಸಿ, ಸೀಮೆಸುಣ್ಣವನ್ನು ಕೈಗೆತ್ತಿಕೊಂಡು, ಪಾಠವನ್ನೇನೋ ಚೆನ್ನಾಗಿಯೇ ಮುಗಿಸಿದರು. ಆದರೆ ಆ ವರ್ಷ ಅವರು ಆ ಯಂತ್ರವನ್ನು ಮತ್ತೆ ಮುಟ್ಟಲಿಲ್ಲ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಹಳೆಯ ಲಿಪಿಯ ಬರೆಹವನ್ನು ಯುನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಬಹುಕಾಲದಿಂದ ಇವೆ. ಪಕ್ಕದಲ್ಲಿ ಕುಳಿತು ತೋರಿಸುವವರಿದ್ದರೆ ಒಂದು ಮಧ್ಯಾಹ್ನದ ಕೆಲಸ. ಹಾಗೆ ಪರಿವರ್ತಿಸಿದ ಬರೆಹ ಯಾವ ಮೊಬೈಲಿನಲ್ಲಿಯಾದರೂ ತೆರೆದುಕೊಳ್ಳುತ್ತದೆ. ಅದರಲ್ಲಿ ಪದವನ್ನು ಹುಡುಕಬಹುದು. ಕಣ್ಣು ಕಾಣದ ವಿದ್ಯಾರ್ಥಿಗೆ ಯಂತ್ರವೇ ಅದನ್ನು ಓದಿ ಹೇಳಬಲ್ಲುದು. ಇಷ್ಟು ಸಣ್ಣ ನೆರವು ದೊರೆಯದೆ ಒಬ್ಬ ಅಧ್ಯಾಪಕರ ಇಪ್ಪತ್ತು ವರ್ಷಗಳ ಶ್ರಮ ಅವರ ಮನೆಯ ಪೆಟ್ಟಿಗೆಯಲ್ಲೇ ಉಳಿಯುವುದಾದರೆ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಂಚಿದ ಉಪಕರಣಗಳಿಂದ ಫಲವೇನು? ಅವುಗಳಲ್ಲಿ ಓದುವುದಕ್ಕೆ ಕನ್ನಡದಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಇದ್ದುದು ಆ ಪೆಟ್ಟಿಗೆಯಲ್ಲಿಯೇ.

೪

ಇದಕ್ಕೆ ಬೇರೆಯಾದ ದಾರಿ ನಮ್ಮ ನಾಡಿನಲ್ಲಿ ಇರಲಿಲ್ಲವೆ? ಇತ್ತು, ಎರಡು ನಿದರ್ಶನಗಳನ್ನು ಕೊಡಬಹುದು.

೧೯೩೫ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಮೈಸೂರಿನ ಆ ನಿಲಯ ಪಡೆದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಅವರ ಮೇಲೆ ಯಾವ ಇಲಾಖೆಯೂ ಯಂತ್ರವನ್ನು ಹೇರಿರಲಿಲ್ಲ. ಹೇಳುವುದಕ್ಕೆ ಅವರಲ್ಲಿ ವಿಷಯವಿತ್ತು. ಕೇಳುವ ಜನ ಊರಿನಲ್ಲಿದ್ದರು. ನಡುವಿನ ದೂರವನ್ನು ದಾಟುವುದಕ್ಕೆ ಅವರು ಯಂತ್ರವನ್ನು ಅರಸಿದರು. ಅಧ್ಯಾಪಕನ ಅಗತ್ಯ ಮುಂದೆ, ಯಂತ್ರ ಹಿಂದೆ ಎಂಬ ಸರಿಯಾದ ಕ್ರಮವನ್ನು ಇಲ್ಲಿ ಕಾಣುತ್ತೇವೆ.

ಅಂಥ ಸಾಹಸವನ್ನು ಪ್ರತಿಯೊಬ್ಬ ಅಧ್ಯಾಪಕರಿಂದ ನಿರೀಕ್ಷಿಸಲಾಗದು ನಿಜ. ಆದಕಾರಣ ಎರಡನೆಯ ನಿದರ್ಶನ ಹೆಚ್ಚು ಉಪಯುಕ್ತ. ೨೦೧೧ರ ನಂತರದ ವರ್ಷಗಳಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗಾಗಿ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿದವು. ಗಣಿತದವರು ಗಣಿತದವರೊಡನೆ, ಸಮಾಜವಿಜ್ಞಾನದವರು ಸಮಾಜವಿಜ್ಞಾನದವರೊಡನೆ ಸೇರಿದರು. ಬೆಲೆ ಕೊಡಬೇಕಿಲ್ಲದ ಮುಕ್ತ ತಂತ್ರಾಂಶಗಳಲ್ಲಿ ರೇಖಾಗಣಿತದ ಆಕೃತಿಗಳನ್ನು ರಚಿಸಲು ಕಲಿತರು. ಶಿಬಿರ ಮುಗಿದ ಮೇಲೂ ಪತ್ರವ್ಯವಹಾರದ ಮೂಲಕ ಒಬ್ಬರ ಸಂದೇಹವನ್ನು ಇನ್ನೊಬ್ಬರು ಪರಿಹರಿಸಿದರು. ಅಧ್ಯಾಪಕರೇ ಸಿದ್ಧಪಡಿಸಿದ ಸಾಮಗ್ರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಭಂಡಾರದಲ್ಲಿ ಕನ್ನಡದಲ್ಲಿಯೂ ಸೇರಿತು. ಇದು ದೋಷರಹಿತವಾಗಿತ್ತೆಂದು ಹೇಳುತ್ತಿಲ್ಲ. ಆದರೆ ಇದರ ತಳಹದಿ ಸರಿಯಾದುದು: ಅಧ್ಯಾಪಕನು ಇತರರು ತಯಾರಿಸಿದುದನ್ನು ಹಂಚುವವನಲ್ಲ, ತಾನೇ ತಯಾರಿಸುವವನು. ಪ್ರೌಢಶಾಲೆಯ ಅಧ್ಯಾಪಕರಿಗೆ ಸಲ್ಲಿಸಿದ ಈ ಗೌರವ ಪದವಿ ಕಾಲೇಜಿನವರಿಗೂ ಸಲ್ಲಬೇಕಾಗಿತ್ತು.

೨೦೨೦ರ ಮಾರ್ಚಿನಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಕಾಲೇಜುಗಳು ಮುಚ್ಚಿದಾಗ ಈ ಕೊರತೆ ಬಯಲಾಯಿತು. ಒಂದೆರಡು ವಾರಗಳಲ್ಲಿ ಎಲ್ಲರೂ ಮೊಬೈಲಿನ ಮುಂದೆ ಕುಳಿತು ಪಾಠ ಹೇಳತೊಡಗಬೇಕಾಯಿತು. ಅಂದು ಅಧ್ಯಾಪಕರಿಗೆ ದಾರಿ ತೋರಿಸಿದವರು ಯಾರು? ಬಹುಮಟ್ಟಿಗೆ ಪಕ್ಕದ ಮೇಜಿನ ಕಿರಿಯ ಸಹೋದ್ಯೋಗಿ, ಮನೆಯ ಮಗಳು, ಎಷ್ಟೋ ಸಲ ವಿದ್ಯಾರ್ಥಿಯೇ. ಆ ವರ್ಷದ ನವೆಂಬರಿನಲ್ಲಿ ಪದವಿ ತರಗತಿಗಳು ಮತ್ತೆ ತೆರೆದಾಗ ನಾವು ಆ ಅನುಭವವನ್ನು ದಾಖಲಿಸಿಕೊಳ್ಳಲಿಲ್ಲ; ಹತ್ತಿರ ಇದ್ದವರ ನೆರವೇ ಫಲಿಸಿತು ಎಂಬ ಪಾಠವನ್ನು ಬಿಟ್ಟು, ಯಂತ್ರ ಬೇಕು ಎಂಬ ಪಾಠವನ್ನಷ್ಟೇ ಎತ್ತಿಕೊಂಡೆವು.

೫

ಸಾಧನ ಪಾಠವನ್ನು ಹಿಂಬಾಲಿಸಬೇಕೆಂದರೆ ಅರ್ಥವೇನು? ನಮ್ಮ ಸುತ್ತಲಿನ ಮೂರು ಪಾಠಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನಗಳು ದೇಶದಲ್ಲಿ ಕೆಲವೇ ಕೆಲವು; ಇವು ಆ ಸಾಲಿಗೆ ಸೇರಿದವು. ಬ್ರಾಹ್ಮೀ ಅಕ್ಷರಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಬಹುದು. ಆದರೆ ಬಂಡೆಯ ಮೇಲಿನ ಅಕ್ಷರದ ಸವೆತ, ಬಿರುಕು, ಅಳತೆ ಹಲಗೆಯಲ್ಲಿ ಬರಲಾರವು. ಆ ಊರಿನ ವಿದ್ಯಾರ್ಥಿ ಓರೆಬಿಸಿಲಿನಲ್ಲಿ ತೆಗೆದು ತಂದ ಛಾಯಾಚಿತ್ರವನ್ನು ಗೋಡೆಯ ಮೇಲೆ ಹಿಗ್ಗಿಸಿ ತೋರಿಸಿದಾಗ, ಓದು ಎಂದರೆ ಊಹೆಯೂ ವಿವೇಚನೆಯೂ ಕೂಡಿದ ಕೆಲಸವೆಂಬುದು ತರಗತಿಗೆ ತಿಳಿಯುತ್ತದೆ. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಶಾಸನಗಳಿಗೂ ಇದು ಸಲ್ಲುವ ಮಾತು. ಬಳ್ಳಾರಿ ಜಿಲ್ಲೆಯ ಕನ್ನಡ ಶಾಸನಗಳನ್ನು ಒಳಗೊಂಡ ದಕ್ಷಿಣ ಭಾರತ ಶಾಸನ ಮಾಲೆಯ ಒಂಬತ್ತನೆಯ ಸಂಪುಟದ ಅಚ್ಚಾದ ಪಾಠವನ್ನು ಒಂದು ಬದಿಯಲ್ಲಿ, ಕಲ್ಲಿನ ಚಿತ್ರವನ್ನು ಇನ್ನೊಂದು ಬದಿಯಲ್ಲಿ ಇಟ್ಟರೆ ಸಾಕು. ಇಲ್ಲಿ ಯಂತ್ರವು ತರಗತಿಗೆ ಬರಲಾರದ ಕಲ್ಲನ್ನು ತರಗತಿಗೆ ತರುತ್ತದೆ.

ನಗರದ ಸಮೀಪದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ನೆಲೆಯಿದೆ. ಅಲ್ಲಿಯ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯಂತೆ ದನಿ ಹೊರಡುತ್ತದೆ. ಇದಕ್ಕೆ ಚಿತ್ರವೂ ಸಾಲದು, ದನಿ ಬೇಕು. ಮೊಬೈಲಿನಲ್ಲಿ ಮುದ್ರಿಸಿಕೊಂಡ ಅರ್ಧ ನಿಮಿಷದ ನಾದ ಒಂದು ಗಂಟೆಯ ವಿವರಣೆಗಿಂತ ಹೆಚ್ಚು ತಿಳಿಸೀತು.

ಮೂರನೆಯದು ಕಾವ್ಯದ ಪಾಠ. ಹಳಗನ್ನಡದ ಒಂದು ಪದ್ಯವನ್ನು ಅಧ್ಯಾಪಕರು ಪದವಿಭಾಗ ಮಾಡಿ, ನಿಧಾನವಾಗಿ ಓದಿ, ವಿದ್ಯಾರ್ಥಿಗಳಿಂದ ಓದಿಸಿ, ಅನ್ವಯ ಬಿಡಿಸುವಾಗ ಗೋಡೆಯ ಮೇಲೆ ಏನೂ ಬೇಕಿಲ್ಲ. ಆ ಹೊತ್ತಿನಲ್ಲಿ ಯಂತ್ರವನ್ನು ಆರಿಸುವುದೂ ಸಾಧನದ ತಿಳಿವಳಿಕೆಯೇ. ೨೦೨೨ರ ಕೊನೆಯಿಂದ ಈಚೆಗೆ ಹಬ್ಬಿರುವ, ಕೇಳಿದ ಪ್ರಶ್ನೆಗೆ ಉತ್ತರವನ್ನು ರಚಿಸಿಕೊಡುವ ಯಂತ್ರಗಳನ್ನು ವಿದ್ಯಾರ್ಥಿಗಳು ಈಗ ಇದಕ್ಕೂ ಬಳಸುತ್ತಿದ್ದಾರೆ. ಹಳಗನ್ನಡದ ಪದ್ಯಕ್ಕೆ ಅವು ಕೆಲವು ವೇಳೆ ಸರಿಯಾದ ಅರ್ಥವನ್ನೂ ಕೆಲವು ವೇಳೆ ಅಷ್ಟೇ ಧೈರ್ಯದಿಂದ ತಪ್ಪು ಅರ್ಥವನ್ನೂ ಕೊಡುತ್ತವೆ. ಇದನ್ನು ನಿಷೇಧದಿಂದ ತಡೆಯಲಾಗದು; ಆ ಉತ್ತರವನ್ನೇ ತರಗತಿಯಲ್ಲಿ ಎತ್ತಿಕೊಂಡು, ನಿಘಂಟನ್ನು ಮುಂದಿಟ್ಟು, ಎಲ್ಲಿ ತಪ್ಪಿದೆಯೆಂದು ಪರೀಕ್ಷಿಸುವುದು ಒಳ್ಳೆಯ ಪಾಠವಾಗಬಲ್ಲುದು. ಹೀಗೆ ಮಾಡಲು ಅಧ್ಯಾಪಕರಿಗೆ ಯಂತ್ರದ ಪರಿಚಯಕ್ಕಿಂತ ಹೆಚ್ಚಾಗಿ ತಮ್ಮ ವಿಷಯದಲ್ಲಿ ದೃಢವಾದ ನೆಲೆಯಿರಬೇಕು.

೬

ಈ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಅಧ್ಯಾಪಕರು ಸೋಮಾರಿಗಳು, ಹೊಸದನ್ನು ಕಲಿಯಲು ಹಿಂಜರಿಯುವವರು. ಅವರ ಇಚ್ಛೆಗೆ ಬಿಟ್ಟರೆ ಯಾವುದೂ ನಡೆಯದು ಎಂಬುದು ಆ ಆಕ್ಷೇಪ. ಅದರಲ್ಲಿ ಸತ್ಯಾಂಶ ಇಲ್ಲವೆನ್ನಲಾರೆವು. ಹಳದಿಯಾದ ಟಿಪ್ಪಣಿಯನ್ನು ವರ್ಷ ವರ್ಷವೂ ಬರೆಯಿಸುವವರು ನಮ್ಮಲ್ಲಿದ್ದಾರೆ. ಅದೇ ಟಿಪ್ಪಣಿಯನ್ನು ಗೋಡೆಯ ಮೇಲೆ ಬೀಳಿಸಿ ಓದಿಸಿ, ಆಧುನಿಕರಾದೆವೆಂದು ತಿಳಿದವರೂ ಇದ್ದಾರೆ. ಈ ಎರಡನೆಯ ವರ್ಗದವರನ್ನು ನೋಡಿದರೆ ಒತ್ತಾಯದ ತರಬೇತಿಯಿಂದ ಆಗುವುದೆಷ್ಟು ಎಂಬುದು ತಿಳಿಯುತ್ತದೆ. ಸಾಧನ ಬದಲಾಯಿತು, ಪಾಠ ಬದಲಾಗಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳನ್ನು ಸೂಚಿಸುವ ಅಧಿಕಾರ ಈ ಲೇಖನಕ್ಕಿಲ್ಲ. ಒಂದು ವಿಭಾಗದ ಕೈಯಲ್ಲಿ ಆಗಬಹುದಾದ ಮೂರು ಕೆಲಸಗಳನ್ನು ಮಾತ್ರ ಹೇಳಬಹುದು. ವಾರಕ್ಕೊಂದು ಗಂಟೆ ಅಧ್ಯಾಪಕರೆಲ್ಲರೂ, ಅತಿಥಿ ಉಪನ್ಯಾಸಕರನ್ನೂ ಕೂಡಿಸಿಕೊಂಡು, ಒಂದು ನಿರ್ದಿಷ್ಟ ಪಾಠದ ಸುತ್ತ ಸೇರಬೇಕು. ಈ ಪಾಠದಲ್ಲಿ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು, ಸಾಧನದ ಮಾತು ಆಮೇಲೆ ಬರಬೇಕು. ಆ ಗಂಟೆಯನ್ನು ಕೆಲಸದ ವೇಳೆಯೆಂದೇ ಎಣಿಸಿ, ಅತಿಥಿ ಉಪನ್ಯಾಸಕರಿಗೆ ಅದರ ಗೌರವಧನವನ್ನೂ ಕೊಡಬೇಕು. ವಿಭಾಗದ ಹಳೆಯ ಟಿಪ್ಪಣಿಗಳನ್ನೆಲ್ಲ ಯುನಿಕೋಡಿಗೆ ಪರಿವರ್ತಿಸಿ, ಬರೆದವರ ಹೆಸರಿನೊಡನೆ ಎಲ್ಲರಿಗೂ ತೆರೆದಿಡಬೇಕು. ಇನ್ನು, ಉಪಕರಣ ಕೆಟ್ಟಾಗ ಬಂದು ನೋಡುವವನೊಬ್ಬ ಕಾಲೇಜಿನಲ್ಲಿಯೇ ಇರಬೇಕು. ಕೆಟ್ಟ ಪ್ರೊಜೆಕ್ಟರಿನ ಮುಂದೆ ಅರವತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ತಾವೇ ತಂತಿಗಳನ್ನು ತಡಕಾಡಿದವರು ಮಾರನೆಯ ದಿನ ಅದನ್ನು ಬಳಸದಿದ್ದರೆ ಅವರನ್ನು ದೂರುವುದು ಸಲ್ಲದು.

ಕೊನೆಯದಾಗಿ ಒಂದು ಮಾತು. ಕೌಲ್ ಬಜಾರಿನ ಹೆಸರಿನಲ್ಲಿರುವ ಕೌಲು ಎಂಬ ಶಬ್ದಕ್ಕೆ ಒಪ್ಪಂದ, ಭರವಸೆಯ ಪತ್ರ ಎಂದು ಅರ್ಥ. ಬೀಳುಭೂಮಿಯನ್ನು ಉಳಲು ಮುಂದೆ ಬಂದ ರೈತನಿಗೆ ಮೊದಲ ವರ್ಷಗಳಲ್ಲಿ ಕಡಮೆ ಕಂದಾಯವನ್ನು ಗೊತ್ತುಪಡಿಸಿ, ಕ್ರಮಕ್ರಮವಾಗಿ ಏರಿಸುವ ಕೌಲುಗಳು ಹಳೆಯ ಕಂದಾಯ ಪದ್ಧತಿಯಲ್ಲಿ ಬಳಕೆಯಲ್ಲಿದ್ದವು. ಹೊಸ ನೆಲ ಮೊದಲ ವರ್ಷವೇ ತುಂಬಿದ ಬೆಳೆಯನ್ನು ಕೊಡದೆಂಬುದನ್ನು ಆ ಕಾಲದ ಅಮಲ್ದಾರನೂ ಅರಿತಿದ್ದನು. ನಮ್ಮ ವಿಶ್ವವಿದ್ಯಾನಿಲಯಗಳು ಹೊಸ ಸಾಧನವನ್ನು ಕೈಗೆ ಕೊಟ್ಟ ತಿಂಗಳಲ್ಲಿಯೇ ಅದರ ಬಳಕೆಯ ವರದಿಯನ್ನು ಕೇಳುತ್ತವೆ. ಅಧ್ಯಾಪಕರಿಗೆ ಬೇಕಾದುದು ಅಂಥದೊಂದು ಕೌಲು: ಕಲಿಯುವುದಕ್ಕೆ ಕಾಲ, ತಪ್ಪುವುದಕ್ಕೆ ಅವಕಾಶ, ಬೇಡವೆನಿಸಿದಲ್ಲಿ ಬೇಡವೆನ್ನುವ ಸ್ವಾತಂತ್ರ್ಯ. ಇಷ್ಟು ದೊರೆತರೆ ಉಳಿದ ಉಳುಮೆಯನ್ನು ಅವರು ಮಾಡಿಯಾರು.